ಸೆಂಟಿನಲ್ಲಿ ಚಕ್ಕೆ, ಲವಂಗ, ಗಂಧ: ಕೊಳ್ಳುವ ಮೊದಲು ಮೂಗಿಗೆ ಸ್ವಲ್ಪ ಪಾಠ

ನಮ್ಮ ಕಾಸರಗೋಡಿನಲ್ಲಿ ಸೆಂಟಿಗೆ ಬರ ಇಲ್ಲ. ಗಲ್ಫಿನಿಂದ ಯಾರಾದರೂ ಊರಿಗೆ ಬಂದರೆ ಚಾಕಲೇಟಿನ ಜೊತೆ ಒಂದು ಬಾಟ್ಲಿಯಾದರೂ ಅಕ್ಕಪಕ್ಕದ ಮನೆಗೆ ಹೋಗುತ್ತದೆ. ನಮ್ಮ ಮನೆಯ ಕಪಾಟಿನಲ್ಲೂ ಹಾಗೆ ಬಂದ ನಾಲ್ಕು ಇದ್ದವು. ಐದನೆಯದನ್ನು ನಾನೇ ದುಡ್ಡು ಕೊಟ್ಟು ತಂದೆ. ಕೆಟ್ಟದ್ದಾದದ್ದು ಅದೊಂದೇ.

ಮಂಗಳೂರಿನ ಒಂದು ಅಂಗಡಿ. ಹುಡುಗ ಕಾಗದದ ಪಟ್ಟಿಗೆ ಒಮ್ಮೆ ಹೊಡೆದು ಕೊಟ್ಟ. ಏಲಕ್ಕಿ, ಒಳ್ಳೆಮೆಣಸು, ಎಲ್ಲೋ ಒಂಚೂರು ಕಿತ್ತಳೆ ಸಿಪ್ಪೆ. ಎರಡೇ ನಿಮಿಷದಲ್ಲಿ ಬಿಲ್ ಮಾಡಿಸಿದೆ. ಮೈಗೂ ನಾಲ್ಕು ಸಲ ಹೊಡೆದುಕೊಂಡು ಬಸ್ಸು ಹತ್ತಿದೆ. ತಲಪಾಡಿ ದಾಟುವಾಗ ಏಲಕ್ಕಿ ಮಾಯ. ಉಪ್ಪಳ ಬರುವಾಗ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೊಕ್ಕ ಹಾಗೆ ಆಯಿತು. ಕುಂಬಳೆಯಲ್ಲಿ ಬೆಲ್ಲದ ಪಾಕ ತಳ ಹಿಡಿದ ವಾಸನೆ. ಪಕ್ಕದಲ್ಲಿ ಕೂತವರು ಏನೂ ಹೇಳಲಿಲ್ಲ, ಸುಮ್ನೆ ಕಿಟಕಿ ತೆಗೆದರು.

ಸೆಂಟು ಕಳಪೆಯಾಗಿರಲಿಲ್ಲ. ನೋಡಿ ತಗೊಳ್ಳುವ ಕ್ರಮ ನನಗೆ ಗೊತ್ತಿರಲಿಲ್ಲ. ಚಕ್ಕೆ, ಲವಂಗ, ಗಂಧ, ಊದ್ ಅಂತೆಲ್ಲ ಪೆಟ್ಟಿಗೆಯ ಮೇಲೆ ಬರೆದಿರುವ ಬೆಚ್ಚನೆಯ ಮಸಾಲೆ ಸೆಂಟುಗಳಲ್ಲಿ ಈ ಎಡವಟ್ಟು ಜಾಸ್ತಿ ಆಗುತ್ತದೆ. ನಿಂಬೆ ವಾಸನೆಯ ಸೆಂಟಾದರೆ ಹಾಕಿದ ಮೇಲೆ ಬೇಗ ಹೋಗಿಬಿಡುತ್ತದೆ, ಇಷ್ಟವಾಗದಿದ್ದರೂ ಸಹಿಸಬಹುದು. ಇವು ಹಾಗಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಮೈಮೇಲೆ ಇರುತ್ತವೆ. ಹಾಗಾಗಿ ನೀವು ದುಡ್ಡು ಕೊಡುವುದು ಕೊನೆಗೆ ಉಳಿಯುವ ವಾಸನೆಗೆ. ಮೊದಲು ಬರುವುದಕ್ಕೆ ಮರುಳಾಗಬೇಡಿ.

ಮೊದಲ ವಾರ ಅಡುಗೆಮನೆಯಲ್ಲಿ

ಅಂಗಡಿಗೆ ಹೋಗುವ ಮೊದಲು ಮನೆಯ ಮಸಾಲೆ ಡಬ್ಬಿ ತೆಗೆಯಿರಿ. ಏಲಕ್ಕಿ, ಒಳ್ಳೆಮೆಣಸು, ಚಕ್ಕೆ, ಲವಂಗ, ಜಾಯಿಕಾಯಿ. ದಿನಕ್ಕೆ ಒಂದನ್ನೇ ತಗೊಳ್ಳಿ. ಜಜ್ಜಿ, ಕಣ್ಣು ಮುಚ್ಚಿ ಮೂಸಿ. ತೋಚಿದ ಮೂರು ಮಾತನ್ನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅರ್ಧ ಗಂಟೆ ಬಿಟ್ಟು ಅದನ್ನೇ ಮತ್ತೆ ಮೂಸಿ. ಮನೆಯವರು ನಗುತ್ತಾರೆ. ನಗಲಿ.

ಹೀಗೆ ಮಾಡಿದರೆ ಕೆಲವು ಸಂಗತಿ ತಾನಾಗಿ ತಿಳಿಯುತ್ತದೆ. ಏಲಕ್ಕಿ ತಣ್ಣಗೆ, ಸ್ವಲ್ಪ ನೀಲಗಿರಿ ಎಣ್ಣೆಯ ಹಾಗೆ ಇರುತ್ತದೆ. ಅದರಲ್ಲೂ ಇದರಲ್ಲೂ ಸಿನಿಯೋಲ್ ಎಂಬ ಒಂದೇ ಪದಾರ್ಥ ಇದೆ. ಪಾಯಸದಲ್ಲಿ ಬೆಚ್ಚಗೆ ಅನ್ನಿಸುವ ಏಲಕ್ಕಿ ಸೆಂಟಿನಲ್ಲಿ ತಂಪಾಗಿ ಬರುವುದು ಅದಕ್ಕೇ. ಒಳ್ಳೆಮೆಣಸಿನದು ಇನ್ನೂ ತಮಾಷೆ. ನಾಲಿಗೆ ಉರಿಸುವ ಪೈಪರೀನ್ ಹಾರಿ ಮೂಗಿಗೆ ಬರುವ ಪದಾರ್ಥ ಅಲ್ಲ. ಆದ್ದರಿಂದ ಸೆಂಟಿನ ಮೆಣಸಿನಲ್ಲಿ ಖಾರ ಇರುವುದಿಲ್ಲ. ಇರುವುದು ಒಣ ಮರದ ಹಾಗಿನ, ಮೂಗನ್ನು ಚುರುಕು ಮಾಡುವ ವಾಸನೆ. ಕೊಯ್ದ ಮೆಣಸನ್ನು ಅಂಗಳದಲ್ಲಿ ಹರಡಿ ಒಣಗಿಸಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿತ್ತಿಲಲ್ಲಿ ಚಕ್ಕೆ ಮರ ಇದ್ದರೆ ಒಂದು ಎಲೆ ಕಿತ್ತು ಹಿಸುಕಿ. ಹೆಚ್ಚಿನ ಮರಗಳಲ್ಲಿ ಎಲೆ ಚಕ್ಕೆಯ ಹಾಗಿರುವುದಿಲ್ಲ, ಲವಂಗದ ಹಾಗಿರುತ್ತದೆ. ತೊಗಟೆಯಲ್ಲಿ ಮುಖ್ಯವಾಗಿ ಇರುವುದು ಸಿನ್ನಮಾಲ್ಡಿಹೈಡ್. ಎಲೆಯಲ್ಲಿ ಯೂಜಿನಾಲ್. ಲವಂಗದ ಜೀವ ಈ ಯೂಜಿನಾಲ್. ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬಿಸುವ ಸಿಮೆಂಟಿನಲ್ಲೂ ಅದೇ ಇದೆ. ಉಪ್ಪಳದಲ್ಲಿ ನನಗೆ ಕ್ಲಿನಿಕ್ಕು ನೆನಪಾದದ್ದು ಸುಮ್ಮನೆ ಅಲ್ಲ. ಲವಂಗ ಜಾಸ್ತಿ ಇರುವ ಸೆಂಟು ಹಲ್ಲು ಕೀಳಿಸಿಕೊಂಡವರಿಗೆ ಹಿಡಿಸುವುದು ಕಷ್ಟ!

ಇನ್ನು ಬೆಚ್ಚಗೆ ಯಾಕೆ ಅನ್ನಿಸುತ್ತದೆ? ಮೂಗಿನೊಳಗೆ ವಾಸನೆ ಹಿಡಿಯುವ ನರ ಒಂದು ಇದ್ದರೆ, ಉರಿ ಮತ್ತು ತಂಪು ತಿಳಿಯುವ ನರ ಬೇರೆಯೇ ಇದೆ. ಚಕ್ಕೆ, ಲವಂಗದ ವಾಸನೆ ಈ ಎರಡನೆಯದನ್ನೂ ಸ್ವಲ್ಪ ಚುಚ್ಚುತ್ತದೆ. ಅದರ ಮೇಲೆ ನಮ್ಮ ನೆನಪು ಸೇರುತ್ತದೆ. ಚಕ್ಕೆಯನ್ನು ನಾವು ತಣ್ಣಗೆ ತಿಂದದ್ದು ಕಡಿಮೆ, ಅಲ್ವಾ?

ಮರದ ಪಾಠಕ್ಕೆ ದೇವರ ಕೋಣೆ ಸಾಕು

ಗಂಧದ ಕೊರಡು ಇದ್ದರೆ ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ತೇಯಿರಿ. ಹಸಿ ಗಂಧವನ್ನು ಕೈಹಿಂಬದಿಗೆ ಹಚ್ಚಿ, ಬೇರೆ ಕೆಲಸ ನೋಡಿ. ನಿಜವಾದ ಗಂಧ ಗದ್ದಲ ಮಾಡುವುದಿಲ್ಲ. ಕೆನೆಹಾಲಿನ ಹಾಗೆ ಮೆದು. ಮೂಗು ಹತ್ತಿರ ತಂದರೆ ಮಾತ್ರ ಸಿಗುತ್ತದೆ. ಗಂಟೆಗಟ್ಟಲೆ ಬಿಟ್ಟು ನೋಡಿದರೂ ಅಷ್ಟೇ ಇರುತ್ತದೆ. ಈ ಪರಿಮಳ ಸ್ಯಾಂಟಲಾಲ್‌ಗಳಿಂದ ಬರುವುದು, ಮರದ ತಿರುಳಿನಲ್ಲಿ ಮಾತ್ರ ಇರುವುದು. ಹೊರಗಿನ ಬಿಳಿ ಭಾಗಕ್ಕೆ ಪರಿಮಳ ಇಲ್ಲ. ತಿರುಳು ಕಟ್ಟಲು ವರ್ಷಗಟ್ಟಲೆ ಬೇಕು, ಅದಕ್ಕೇ ಅಷ್ಟು ಕ್ರಯ. ಅಗ್ಗದ ಬಾಟ್ಲಿಯ ಮೇಲೆ ಗಂಧದ ಚಿತ್ರ ಇದ್ದರೆ ಒಳಗಿರುವುದು ಲ್ಯಾಬಿನಲ್ಲಿ ಮಾಡಿದ ಗಂಧ ಅಂದುಕೊಳ್ಳಿ. ಅದು ತಪ್ಪೇನಲ್ಲ. ಕೆಲವು ಬಹಳ ಚೆನ್ನಾಗಿಯೇ ಇರುತ್ತವೆ. ಆದರೆ ದೇವಸ್ಥಾನದ ಗಂಧಪ್ರಸಾದವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆ ಆಗುತ್ತದೆ.

ಮರದ ಸಾಲಿಗೆ ಸೇರಿಸುವ ಉಳಿದ ವಾಸನೆಗಳಿಗೂ ಮನೆಯಲ್ಲೇ ಗುರುತು ಸಿಗುತ್ತದೆ. ಪಚೂಲಿ ಎಂಬ ಎಲೆಯದು, ಭತ್ತ ತುಂಬಿಡುವ ಹಳೆಯ ಪತ್ತಾಯದ ಮುಚ್ಚಳ ಎತ್ತಿದಾಗ ಬರುವ ವಾಸನೆಗೆ ಹತ್ತಿರ: ಮಣ್ಣು, ತೇವ, ಸ್ವಲ್ಪ ಸಿಹಿ. ಲಾವಂಚ ಮಣ್ಣಿನ ಜೊತೆ ಹುಲ್ಲು. ಅದರ ಬೇರು ಹಾಕಿದ ಕುಡಿಯುವ ನೀರು ನೆನಪಾದರೆ ಸಾಕು. ದೇವದಾರು ಅಂದರೆ ಪೆನ್ಸಿಲ್ ಕೆತ್ತಿದ ವಾಸನೆ ಅಂತ ಎಲ್ಲರೂ ಬರೆಯುತ್ತಾರೆ. ನಮ್ಮ ದೇಶದ ಪೆನ್ಸಿಲಿಗೆ ಹೆಚ್ಚಾಗಿ ಬೇರೆ ಮೆದು ಮರ ಬಳಸುತ್ತಾರೆ. ಶಾಲೆಯಲ್ಲಿ ಇಷ್ಟು ವರ್ಷ ಪೆನ್ಸಿಲ್ ಕೆತ್ತಿಕೊಟ್ಟರೂ ನನಗೆ ಅದು ಸಿಗಲಿಲ್ಲ. ಆಚಾರಿಯ ಕೊಟ್ಟಿಗೆಯಲ್ಲಿ ಬಿದ್ದಿರುವ ಒಣ ಮರದ ಹುಡಿ ಅದಕ್ಕಿಂತ ಹತ್ತಿರ.

ಸಾಂಬ್ರಾಣಿಯನ್ನು ಮರೆಯಬೇಡಿ. ಮಗುವಿಗೆ ಎಣ್ಣೆಸ್ನಾನ ಆದ ಮೇಲೆ ಗೆರಟೆ ಕೆಂಡಕ್ಕೆ ಹಾಕುವ ಆ ಹುಡಿಯಲ್ಲಿ ಒಳ್ಳೆಯದು ಸಿಕ್ಕಿದರೆ ವೆನಿಲಾದ ಹಾಗಿನ ಸಿಹಿ ಇರುತ್ತದೆ. ಬೆಚ್ಚನೆಯ ಸೆಂಟುಗಳ ತಳದಲ್ಲಿ ಆಗಾಗ ಸಿಗುವ ವಾಸನೆ ಇದು.

ಪೆಟ್ಟಿಗೆಯ ಮೇಲಿನ ದೊಡ್ಡ ಮಾತುಗಳು

ಆ್ಯಂಬರ್ ಅಂತ ಬರೆದಿದ್ದರೆ ತಿಮಿಂಗಿಲದ ನೆನಪು ಬೇಡ. ತಿಮಿಂಗಿಲದಿಂದ ಬರುವುದು ಆ್ಯಂಬರ್‌ಗ್ರಿಸ್. ಅದರ ವ್ಯಾಪಾರ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪೇಪರಿನಲ್ಲಿ ಆಗಾಗ ಹಿಡಿದ ಸುದ್ದಿ ಓದಿರುತ್ತೀರಿ. ಸೆಂಟಿನ ಆ್ಯಂಬರ್ ಒಂದು ಮಿಶ್ರಣದ ಹೆಸರು. ಲ್ಯಾಬ್ಡನಮ್ ಎಂಬ ಗಿಡದ ಅಂಟು, ಸಾಂಬ್ರಾಣಿ, ವೆನಿಲಾ ಸೇರಿ ಆಗುವ ಸಿಹಿ ಬಿಸಿ. ನನ್ನ ಕುಂಬಳೆಯ ಬೆಲ್ಲದ ಪಾಕ ಇದೇ. ಸಿಹಿ ಆಗದವರು ಪೆಟ್ಟಿಗೆಯಲ್ಲಿ ಆ್ಯಂಬರ್, ವೆನಿಲಾ, ಟೋಂಕಾ (ಸಿಹಿ ವಾಸನೆಯ ಒಂದು ಬೀಜ) ಮೂರೂ ಒಟ್ಟಿಗೆ ಕಂಡರೆ ಎಚ್ಚರದಿಂದಿರಿ.

ಊದ್ ಅಂದರೆ ಅಗರು ಮರ. ಗಟ್ಟಿಮುಟ್ಟಾದ ಮರದಲ್ಲಿ ಪರಿಮಳ ಇಲ್ಲ. ಗಾಯವಾಗಿ, ಬೂಸು ತಗಲಿ, ಅದಕ್ಕೆ ಉತ್ತರವಾಗಿ ಮರ ಅಂಟು ಕಟ್ಟಿಕೊಂಡ ಜಾಗ ಮಾತ್ರ ಊದ್. ಅಸ್ಸಾಂ ಕಡೆ ಬೆಳೆಯುತ್ತದೆ. ತಳಂಗರೆ ಕಡೆಯ ಒಬ್ಬ ಹಿರಿಯ ಅತ್ತರು ವ್ಯಾಪಾರಿಯಲ್ಲಿ ನಾನು ಕೇಳಿದ್ದೆ, "ಇಚ್ಚಾ, ಇದರಲ್ಲಿ ನಿಜವಾದ ಊದ್ ಉಂಟಾ?" ಅವರು ನಕ್ಕು, "ಮಾಷೆ, ಈ ರೇಟಿಗೆ ನಿಜವಾದದ್ದು ಕೊಟ್ಟರೆ ನಾನು ಅಂಗಡಿ ಮಾರಬೇಕು" ಅಂದರು. ಅಷ್ಟು ನೇರವಾಗಿ ಹೇಳುವವರ ಹತ್ತಿರ ವ್ಯಾಪಾರ ಮಾಡಲು ಧೈರ್ಯ ಬರುತ್ತದೆ.

ಓ ದ ತ್ವಾಲೆತ್, ಓ ದ ಪರ್ಫ್ಯೂಮ್ ಎಂಬುದು ಎಷ್ಟು ಗಟ್ಟಿ ಎನ್ನುವ ಲೆಕ್ಕ. ಮೊದಲನೆಯದರಲ್ಲಿ ಪರಿಮಳದ ಎಣ್ಣೆ ಸುಮಾರು 5ರಿಂದ 15 ಶೇಕಡಾ, ಎರಡನೆಯದರಲ್ಲಿ 15ರಿಂದ 20. ಉಳಿದದ್ದು ಮುಖ್ಯವಾಗಿ ಆಲ್ಕೋಹಾಲ್. ನಮ್ಮ ಸೆಕೆಗೆ ಮಸಾಲೆ ಸೆಂಟು ತ್ವಾಲೆತ್ ಆದರೆ ಧಾರಾಳ ಸಾಕು. ಇದು ನನ್ನ ಅಭಿಪ್ರಾಯ. ಗಲ್ಫಿನಲ್ಲಿದ್ದು ಬಂದ ನನ್ನ ಸೋದರಳಿಯ ಇದನ್ನು ಕೇಳಿದರೆ ಜಗಳಕ್ಕೇ ಬರುತ್ತಾನೆ.

ಈ ಜಾತಿಯ ಸೆಂಟು ಮೂಸಿಯೇ ಇಲ್ಲ ಅನ್ನುವವರು ಓಲ್ಡ್ ಸ್ಪೈಸ್ ನೆನಪಿಸಿಕೊಳ್ಳಿ. 1938ರಲ್ಲಿ ಗಂಡಸರಿಗೆಂದು ಬಂದ ಅದರಲ್ಲಿ ಲವಂಗ, ಜಾಯಿಕಾಯಿಯ ಗುರುತು ಚೆನ್ನಾಗಿ ಸಿಗುತ್ತದೆ. ಅಪ್ಪಂದಿರು ಗಡ್ಡ ತೆಗೆದ ಮೇಲೆ ಹಚ್ಚುತ್ತಿದ್ದದ್ದು. ಹೆಂಗಸರಿಗೆಂದು 1977ರಲ್ಲಿ ಬಂದ ಓಪಿಯಂ ಇದೇ ಬಳಗದ್ದು, ಆದರೆ ಹತ್ತು ಪಾಲು ಜೋರು. ನಮ್ಮ ದೇಶದ್ದೇ ಬೇಕಾದರೆ ಉತ್ತರ ಪ್ರದೇಶದ ಕನೌಜಿನ ಶಮಾಮಾ ಅತ್ತರು ಕೇಳಿ ನೋಡಿ. ಮಸಾಲೆ, ಬೇರು, ಮರ ಎಲ್ಲ ಸೇರಿಸಿ ಭಟ್ಟಿ ಇಳಿಸಿದ್ದು. ಮೊದಲ ಸಲಕ್ಕೆ ಆಯುರ್ವೇದದ ಅಂಗಡಿಯ ಹಾಗೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ಬಿಡಿ, ಆಮೇಲೆ ನೋಡಿ.

ಅಂಗಡಿಯಲ್ಲಿ ಮಾಡಬೇಕಾದದ್ದು

ಬೆಳಗ್ಗೆ ಹೋಗಿ, ಏನೂ ಹಾಕಿಕೊಳ್ಳದೆ ಹೋಗಿ. ತಲೆಗೆ ಪರಿಮಳದ ಎಣ್ಣೆಯೂ ಬೇಡ. ಮೂರಕ್ಕಿಂತ ಹೆಚ್ಚು ನೋಡಬೇಡಿ, ನಾಲ್ಕನೆಯದರಲ್ಲಿ ಮೂಗು ಕೈಕೊಡುತ್ತದೆ. ಮೊದಲು ಕಾಗದದ ಪಟ್ಟಿಗೆ. ಆಲ್ಕೋಹಾಲ್ ಹಾರಲು ಅರ್ಧ ನಿಮಿಷ ಬಿಟ್ಟು ಮೂಸಿ. ಪಟ್ಟಿಯ ಮೇಲೆ ಹೆಸರು ಬರೆಯಿರಿ, ಬರೆಯದಿದ್ದರೆ ಖಂಡಿತ ಅದಲುಬದಲು ಆಗುತ್ತದೆ. ಕಾಫಿ ಬೀಜದ ಬೋಗುಣಿ ಮುಂದೆ ತಂದರೆ ಬೇಡ ಅನ್ನಿ. ಹೊರಗೆ ಬಂದು ಎರಡು ನಿಮಿಷ ಗಾಳಿ ತಗೊಂಡರೂ ಅಷ್ಟೇ ಫಲ. ನಿಮ್ಮ ಅಂಗಿಯ ತೋಳನ್ನೇ ಮೂಸಿದರೂ ಆಗುತ್ತದೆ.

ಮೂರರಲ್ಲಿ ಹಿಡಿಸಿದ ಒಂದನ್ನು ಮಾತ್ರ ಮಣಿಕಟ್ಟಿಗೆ ಒಮ್ಮೆ ಹೊಡೆಸಿಕೊಳ್ಳಿ. ಮಣಿಕಟ್ಟಿಗೆ ಮಣಿಕಟ್ಟು ಉಜ್ಜಬೇಡಿ. ಉಜ್ಜಿದರೆ ಬಿಸಿಗೆ ಮೊದಲಿನ ಹಗುರ ವಾಸನೆ ಬೇಗ ಹಾರಿಹೋಗುತ್ತದೆ. "ನಾಳೆ ಬರ್ತೇನೆ" ಅಂತ ಹೇಳಿ ಹೊರಡಿ. ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಇವತ್ತೇ ಆಫರ್ ಮುಗಿಯುತ್ತದೆ ಅನ್ನುತ್ತಾರೆ. ಮುಗಿಯಲಿ.

ಆಮೇಲಿನದು ಬಸ್ಸಿನಲ್ಲಿ. ನಾನು ಈಗ ಹೀಗೆ ಮಾಡುತ್ತೇನೆ. ಮಂಗಳೂರಿನಲ್ಲಿ ಹೊಡೆಸಿಕೊಂಡದ್ದನ್ನು ತಲಪಾಡಿಯಲ್ಲಿ ಒಮ್ಮೆ ಮೂಸುತ್ತೇನೆ. ಅಲ್ಲಿಗೆ ಹಗುರ ಪದಾರ್ಥಗಳು, ಅಂದರೆ ನಿಂಬೆ, ಕಿತ್ತಳೆ, ಏಲಕ್ಕಿ, ಮೆಣಸು, ಹೆಚ್ಚುಕಡಿಮೆ ಮುಗಿದಿರುತ್ತವೆ. ಉಪ್ಪಳ, ಕುಂಬಳೆಯಲ್ಲಿ ಚಕ್ಕೆ, ಲವಂಗ, ಜಾಯಿಕಾಯಿಯ ಆಟ. ಮನೆಗೆ ಬಂದು ಕೈಕಾಲು ತೊಳೆದು, ಚಾ ಕುಡಿದು, ಸಂಜೆ ದೀಪ ಇಟ್ಟ ಮೇಲೆ ಉಳಿದದ್ದು ಮರ ಮತ್ತು ಆ್ಯಂಬರ್. ಅಣು ಭಾರವಾದಷ್ಟು ನಿಧಾನ ಹಾರುತ್ತದೆ, ಅಷ್ಟೇ ಗುಟ್ಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಆಟದ ಮೊದಲಿಗೆ ಕೋಡಂಗಿ, ಬಾಲಗೋಪಾಲ ಕುಣಿದದ್ದನ್ನು ನೋಡಿ ಎದ್ದು ಬಂದರೆ ಪ್ರಸಂಗ ನೋಡಿದ ಹಾಗೆ ಆಗುತ್ತದೆಯೇ? ನಾನು ಮಾಡಿದ್ದು ಅದೇ.

ಮರುದಿನ ಬೆಳಗ್ಗೆ ಅಂಗಿಯ ತೋಳು ಮೂಸಿ. ಅಲ್ಲಿ ಉಳಿದ ವಾಸನೆ ಇಷ್ಟವಾದರೆ ಮಾತ್ರ ಅಂಗಡಿಗೆ ಹಿಂದೆ ಹೋಗಿ.

ಚರ್ಮದ ವಿಷಯ, ಇದನ್ನು ಹಾರಿಸಬೇಡಿ

ಚಕ್ಕೆ, ಲವಂಗದ ಪದಾರ್ಥಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಯೂರೋಪಿನ ನಿಯಮದ ಪ್ರಕಾರ ಇಂಥವುಗಳ ಹೆಸರನ್ನು ಪೆಟ್ಟಿಗೆಯ ಮೇಲೆ ಬರೆಯಲೇಬೇಕು. ಚಿಕ್ಕ ಅಕ್ಷರದಲ್ಲಿ ಸಿನ್ನಮಾಲ್, ಯೂಜಿನಾಲ್, ಕೂಮರಿನ್ ಅಂತ ಇರುವುದು ಅದೇ. ಮೊಣಕೈ ಒಳಬದಿಗೆ ಚೂರು ಹಚ್ಚಿ ಒಂದು ದಿನ ಪೂರ್ತಿ ಬಿಡಿ. ಕೆಂಪಾದರೆ, ತುರಿಸಿದರೆ ಬಟ್ಟೆಗೆ ಮಾತ್ರ ಹಾಕಿ, ಅಥವಾ ಆ ಸೆಂಟೇ ಬಿಡಿ. ಮನೆಯಲ್ಲೇ ಸೆಂಟು ಮಾಡುತ್ತೇನೆ ಅಂತ ಹೊರಟು ಲವಂಗದೆಣ್ಣೆ, ಚಕ್ಕೆ ಎಣ್ಣೆಯನ್ನು ಹಾಗೆಯೇ ಮೈಗೆ ಹಚ್ಚಬೇಡಿ. ಸುಟ್ಟ ಹಾಗೆ ಆಗುತ್ತದೆ. ಮಕ್ಕಳಿಗೆ ಯಾವುದೂ ಬೇಡ.

ಅತ್ತರಾದರೆ ಆಲ್ಕೋಹಾಲ್ ಇರುವುದಿಲ್ಲ, ಹಾಗಾಗಿ ಗಮ್ಮೆಂದು ಹರಡುವುದೂ ಇಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ. ಗಾಜಿನ ಕಡ್ಡಿಯಿಂದ ಸಾಸಿವೆಯಷ್ಟು ಸಾಕು. ಹಿಂದೆ ಅತ್ತರಿನ ತಳ ಅಂದರೆ ಗಂಧದೆಣ್ಣೆಯೇ. ಈಗ ಅಗ್ಗದ್ದರಲ್ಲಿ ಪ್ಯಾರಾಫಿನ್ ಎಣ್ಣೆ. ಕೈಗೆ ಹಚ್ಚಿ ಹತ್ತು ನಿಮಿಷ ಬಿಟ್ಟರೂ ಜಿಡ್ಡು ಜಿಡ್ಡಾಗಿಯೇ ಇದ್ದರೆ ನನಗೆ ಅನುಮಾನ ಬರುತ್ತದೆ.

ಯಾವಾಗ ಹಾಕುವುದು, ಎಷ್ಟು

ಸೆಂಟಿನ ಸಲಹೆ ಬರೆಯುವವರು ಹೆಚ್ಚಾಗಿ ಚಳಿ ಊರಿನವರು. ಬೆಚ್ಚನೆಯ ಸೆಂಟು ಹಿಮ ಬೀಳುವಾಗ ಹಾಕಿ ಅನ್ನುತ್ತಾರೆ. ನಮ್ಮಲ್ಲಿ ಹಿಮ ಎಲ್ಲಿಂದ ತರುವುದು? ನನ್ನ ಲೆಕ್ಕ ಹೀಗೆ. ಎಪ್ರಿಲ್, ಮೇ ತಿಂಗಳಲ್ಲಿ ಹಗಲು ಇದನ್ನು ಮುಟ್ಟಬೇಡಿ. ಬಿಸಿಲಿಗೆ ಮೈ ಬಿಸಿಯಾಗಿ ಎಲ್ಲ ಒಟ್ಟಿಗೆ ಏಳುತ್ತದೆ, ಬೆವರಿನ ಜೊತೆ ಸೇರಿ ಸಿಹಿ ಇನ್ನೂ ಭಾರ ಆಗುತ್ತದೆ. ಮದುವೆ ಹಾಲ್‌ನಲ್ಲಿ ಬಿರಿಯಾನಿಯ ವಾಸನೆ ಯಾವುದು, ನಿಮ್ಮದು ಯಾವುದು ಅಂತ ತಿಳಿಯುವುದಿಲ್ಲ. ಧನು ತಿಂಗಳ ಬೆಳಗು, ರಾತ್ರಿ ಆಟ ನೋಡಲು ಹೋಗುವಾಗ, ಎಸಿ ಇರುವ ಆಫೀಸು, ಇಲ್ಲಿ ಸರಿ. ಎಲ್ಲಕ್ಕಿಂತ ಚಂದ ಆಟಿ ತಿಂಗಳ ಮಳೆಯಲ್ಲಿ. ಹೊರಗೆ ಹಸಿ ಮಣ್ಣು, ಒದ್ದೆ ಮರ, ಅದರ ನಡುವೆ ಒಂಚೂರು ಗಂಧ, ಒಂಚೂರು ಚಕ್ಕೆ. ಒಂದಕ್ಕೊಂದು ಹೊಂದುತ್ತದೆ.

ಎರಡು ಸಲ ಹೊಡೆದರೆ ಸಾಕು. ಒಂದು ಎದೆಗೆ, ಅಂಗಿಯ ಒಳಗೆ. ಒಂದು ಕತ್ತಿನ ಹಿಂದೆ. ಅರ್ಧ ಗಂಟೆ ಕಳೆದ ಮೇಲೆ ನಿಮಗೆ ವಾಸನೆ ಬರುವುದು ನಿಂತರೆ ಸೆಂಟು ಹೋಯಿತು ಅಂತ ಮತ್ತೆ ಹೊಡೆಯಬೇಡಿ. ಮೂಗಿಗೆ ಅಭ್ಯಾಸ ಆಗಿದೆ ಅಷ್ಟೇ. ಪಕ್ಕದವರಿಗೆ ಬರುತ್ತಾ ಇರುತ್ತದೆ. ಮನೆಯಲ್ಲಿ ಯಾರನ್ನಾದರೂ ಕೇಳಿ. ನಮ್ಮ ಮನೆಯಲ್ಲಿ ಕೇಳದೆಯೂ ಹೇಳುತ್ತಾರೆ.

ಬಾಟ್ಲಿಯನ್ನು ಬಚ್ಚಲಿನ ಹತ್ತಿರ, ಬಿಸಿಲು ಬೀಳುವ ಕಿಟಕಿಯಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಪೆಟ್ಟಿಗೆ ಸಮೇತ ಕಪಾಟಿನಲ್ಲಿ ಇಡಿ. ಗಲ್ಫಿನಿಂದ ತರಿಸುವವರಿಗೆ ಒಂದು ಮಾತು: ವಿಮಾನದಲ್ಲಿ ಕೈಚೀಲಕ್ಕೆ ಒಂದು ಬಾಟ್ಲಿ 100 ಎಂಎಲ್‌ಗಿಂತ ದೊಡ್ಡದು ಆಗುವುದಿಲ್ಲ, ದೊಡ್ಡದನ್ನು ಲಗೇಜಿಗೆ ಹಾಕಲು ಮೊದಲೇ ಹೇಳಿ.

ಇನ್ನು ತಪ್ಪಿ ಕೊಂಡ ಬಾಟ್ಲಿ ಇದ್ದರೆ ಎಸೆಯಬೇಡಿ. ನನ್ನದು ಈಗ ಆಟಿಯಲ್ಲಿ ಕೆಲಸಕ್ಕೆ ಬರುತ್ತದೆ. ಆ ಮಳೆಯಲ್ಲಿ ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ, ಒಣಗಿದರೂ ಮುಗ್ಗು ವಾಸನೆ ಬಿಡುವುದಿಲ್ಲ. ಹಿಂದೆ ಅಮ್ಮ ಗೆರಟೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬೆತ್ತದ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡುತ್ತಿದ್ದರು. ಈಗ ಮನೆಯಲ್ಲಿ ಕೆಂಡ ಇಲ್ಲ. ಹತ್ತಿ ಉಂಡೆಗೆ ಒಂದು ಸಲ ಹೊಡೆದು, ಪೂರ್ತಿ ಒಣಗಿದ ಮೇಲೆ ಬಟ್ಟೆಯ ಕಪಾಟಿನ ಮೂಲೆಯಲ್ಲಿ ಇಡುತ್ತೇನೆ. ಅಲ್ಲಿ ಆ ಬೆಲ್ಲದ ಪಾಕವೂ ಹಿತವಾಗಿಯೇ ಇದೆ. ಕೆಂಡ ಇಟ್ಟುಕೊಳ್ಳುವವರು ಅದರ ಹತ್ತಿರ ಸ್ಪ್ರೇ ಮಾಡಬೇಡಿ, ಆಲ್ಕೋಹಾಲ್ ಧಗ್ ಅನ್ನುತ್ತದೆ. ಮತ್ತೆ, ಬಿಳಿ ಮುಂಡು ಇರುವ ಹಲಗೆಗೆ ಹತ್ತಿ ಉಂಡೆ ತಾಗಿಸಬೇಡಿ. ವೆನಿಲಾ ಇರುವ ಸೆಂಟು ದಿನ ಹೋದ ಹಾಗೆ ಕಂದು ಕಲೆ ಬಿಡುತ್ತದೆ, ನನ್ನ ಒಂದು ಒಳ್ಳೆಯ ಮುಂಡು ಹಾಗೆ ಹೋಯಿತು.